ಹಿಮದಲ್ಲಿರುವವನೂ ರಜೆಗೆ ಬಂದವನೂ

ಓದತಕ್ಕ ಭಾಗಗಳು: 2 ತಿಮೊಥೆಯ 4:9–21, 2 ಸಮುವೇಲ 11:6–13



ಅಪೊಸ್ತಲನಾದ ಪೌಲನು ರೋಮಾಪುರದ ಸೆರೆಯಲ್ಲಿದ್ದು ಮರಣವನ್ನು ಎದುರುನೋಡುತ್ತಿದ್ದಾಗ ತಿಮೊಥೆಯನಿಗೆ ಬರೆದ ಪತ್ರದ ಕಡೆಯಲ್ಲಿ ಎರಡು ಸಣ್ಣ ಬೇಡಿಕೆಗಳಿವೆ. ತ್ರೋವದಲ್ಲಿ ಕರ್ಪನ ಬಳಿ ಉಳಿದ ಮೇಲಂಗಿಯನ್ನು ತರಬೇಕೆಂಬದು ಒಂದು. ಚಳಿಗಾಲ ಹುಟ್ಟುವದರೊಳಗೆ ಬಂದು ಮುಟ್ಟಬೇಕೆಂಬದು ಇನ್ನೊಂದು. ಮೂರನೆಯ ಪರಲೋಕದ ವರೆಗೆ ಒಯ್ಯಲ್ಪಟ್ಟ ಭಕ್ತನಿಗೂ ಮೈಗೆ ಚಳಿಯಿತ್ತು, ಮನಸ್ಸಿಗೆ ಒಂಟಿತನವಿತ್ತು. ಅದನ್ನು ಹೇಳಿಕೊಳ್ಳುವದಕ್ಕೆ ಅವನು ನಾಚಲಿಲ್ಲ.

ಪುಷ್ಯಮಾಸದಲ್ಲಿ ಔರಾದಿನ ಹೊಲಗಳಲ್ಲಿ ಜೋಳ ಕಾಯುವವನು ಕಂಬಳಿ ಹೊದ್ದು ಬೆಂಕಿಯ ಮುಂದೆ ಕುಳಿತು, ಈ ವರುಷ ಚಳಿ ಬಹಳವೆನ್ನುತ್ತಾನೆ. ಆ ಗಳಿಗೆಯಲ್ಲಿ ಬಡಗಲ ಗಡಿಯಲ್ಲಿರುವವರನ್ನು ನೆನೆಯಿರಿ. ಸಿಯಾಚಿನ್ ಹಿಮನದಿಯ ಮೇಲೆ 1984ರ ಏಪ್ರಿಲ್ ತಿಂಗಳಿಂದ ನಮ್ಮ ಸಿಪಾಯಿಗಳು ಕಾವಲಿದ್ದಾರೆ. ಅನೇಕ ಠಾಣೆಗಳು 18,000 ಅಡಿಗಿಂತಲೂ ಎತ್ತರದಲ್ಲಿವೆ. ಅಲ್ಲಿಯ ಶೀತವು ಸೊನ್ನೆಗಿಂತ 50 ಡಿಗ್ರಿ ಕೆಳಗೆ ಇಳಿಯುವದುಂಟು. ಒಂದು ಉಸಿರಿನಲ್ಲಿ ಸಿಕ್ಕುವ ಪ್ರಾಣವಾಯು ನಮ್ಮೂರಲ್ಲಿ ಸಿಕ್ಕುವದರ ಅರ್ಧದಷ್ಟೇ. ಹಸಿವೆ ಇಂಗುತ್ತದೆ, ನಿದ್ರೆ ಹತ್ತದು. ಕುಡಿಯುವ ನೀರಿಗಾಗಿ ಒಲೆಯ ಮೇಲೆ ಹಿಮವನ್ನು ಕರಗಿಸಬೇಕು. ಬರಿಗೈಯಿಂದ ಬಂದೂಕಿನ ಕಬ್ಬಿಣವನ್ನು ಮುಟ್ಟಿದರೆ ಚರ್ಮ ಅಂಟಿಕೊಳ್ಳುತ್ತದೆ. 2003ರ ನವೆಂಬರಿನಲ್ಲಿ ಗುಂಡಿನ ಶಬ್ದ ನಿಂತಿತು. ಆದರೆ ಗುಂಡಿಗಿಂತ ಹೆಚ್ಚು ಮಂದಿಯನ್ನು ಕೊಂದ ಚಳಿಯೂ ಹಿಮಪಾತವೂ ಯಾವ ಒಪ್ಪಂದಕ್ಕೂ ಒಳಪಡಲಿಲ್ಲ. ಕಾರ್ಗಿಲ್ ಬೆಟ್ಟಗಳಲ್ಲಿಯೂ ಹಿಂದೆ ಚಳಿಗಾಲದಲ್ಲಿ ಅನೇಕ ಠಾಣೆಗಳನ್ನು ಬಿಟ್ಟು ಇಳಿಯುವ ವಾಡಿಕೆಯಿತ್ತು; 1999ರ ಯುದ್ಧವಾದ ಮೇಲೆ ಹಿಮ ಬೀಳುವಾಗಲೂ ಕಾವಲು ಬಿಡುವ ಹಾಗಿಲ್ಲ. 1962ರ ಯುದ್ಧದಲ್ಲಿ ಸಿಪಾಯಿಗಳು ತೆಳುವಾದ ಬಟ್ಟೆಯಲ್ಲಿ ಹಿಮವನ್ನು ಎದುರಿಸಿದರು. ಅದನ್ನು ಕೇಳಿ ದೇಶದ ಹೆಂಗಸರು ಉಣ್ಣೆಯ ಅಂಗಿಗಳನ್ನು ಹೆಣೆದು ಕಳುಹಿಸಿದರು. ಅದು ಪೌಲನ ಮೇಲಂಗಿಯನ್ನು ಹೊತ್ತು ನಡೆದ ಹಾಗೆಯೇ ಆಯಿತು.

2016ರ ಫೆಬ್ರವರಿ 3ರಂದು 19,600 ಅಡಿ ಎತ್ತರದ ಠಾಣೆಯೊಂದರ ಮೇಲೆ ಹಿಮದ ಗೋಡೆ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿಯನ್ನು ಮುಚ್ಚಿತು. ಅವರಲ್ಲಿ ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದ ಒಬ್ಬರು. ಬದುಕಿರುವ ನಿರೀಕ್ಷೆ ಬಹು ಕಡಿಮೆಯೆಂದು ತಿಳಿದರೂ ಸಂಗಡಿಗರು ಕಲ್ಲಿನಂಥ ಮಂಜನ್ನು ಕಡಿಯುವದನ್ನು ಬಿಡಲಿಲ್ಲ. ಆರನೆಯ ದಿನ, ಸುಮಾರು 25 ಅಡಿ ಆಳದಲ್ಲಿ, ಅವರು ಜೀವದಿಂದ ಸಿಕ್ಕಿದರು. ಫೆಬ್ರವರಿ 11ರಂದು ದಿಲ್ಲಿಯಲ್ಲಿ ಪ್ರಾಣಬಿಟ್ಟರು. ಹಾಗಾದರೆ ಅಗೆದದ್ದು ವ್ಯರ್ಥವೋ? ಅಲ್ಲ. ಕಳೆದುಹೋದದ್ದು ಸಿಕ್ಕುವ ತನಕ ಹುಡುಕುವ ಕುರುಬನ ಸಾಮ್ಯವನ್ನು ನಾವು ಪೀಠದಿಂದ ಹೇಳುತ್ತೇವೆ. ಅವರು ಗುದ್ದಲಿಯಿಂದ ಹೇಳಿದರು.

ಈಗ ರಜೆಗೆ ಬಂದವನ ಸಂಗತಿ. ಹಿತ್ತಿಯನಾದ ಊರೀಯನು ಯುದ್ಧದಿಂದ ಕರೆಯಿಸಲ್ಪಟ್ಟು ಬಂದಾಗ, ದಾವೀದನು ಅವನ ಕ್ಷೇಮವಾರ್ತೆಯನ್ನು ಕೇಳಿದನು, ಹಿಂದೆಯೇ ಊಟ ಕಳುಹಿಸಿದನು, ಮರುದಿನ ಕುಡಿಸಿ ಅಮಲೇರಿಸಿದನು. ಎಲ್ಲವೂ ತನ್ನ ಕಾರ್ಯಕ್ಕಾಗಿ. ಊರೀಯನಾದರೋ ಸಂಗಡಿಗರು ಬಯಲಲ್ಲಿರುವಾಗ ತಾನು ಮನೆಯ ಸುಖಕ್ಕೆ ಹೋಗಲಾರದೆ ಅರಮನೆಯ ಬಾಗಿಲಲ್ಲೇ ಮಲಗಿದನು. ರಜೆಗೆ ಬಂದವನ ದೇಹ ಊರಲ್ಲಿದ್ದರೂ ಮನಸ್ಸು ಬೆಟ್ಟದಲ್ಲಿರುವದೆಂಬದನ್ನು ಅರಸನು ತಿಳಿಯಲಿಲ್ಲ. ನಾವು ತಿಳಿದಿದ್ದೇವೋ? ಸಿಪಾಯಿ ಬಸ್ಸಿನಿಂದ ಇಳಿಯುವಷ್ಟರಲ್ಲಿಯೇ ಕ್ಯಾಂಟೀನಿನ ಬಾಟಲಿ ತಂದೆಯಾ ಎಂದು ಕೇಳುವವರು ನಮ್ಮಲ್ಲಿಲ್ಲವೋ? ಸಾಲ ಕೇಳುವವರು, ಹೊಲದ ವ್ಯಾಜ್ಯವನ್ನು ಮುಂದಿಡುವವರು ಎಷ್ಟು ಮಂದಿ!

ನನ್ನ ತಪ್ಪನ್ನೂ ಒಪ್ಪಿಕೊಳ್ಳುತ್ತೇನೆ. ಒಂದು ವರುಷ ಭಾಲ್ಕಿಯ ಕಡೆಯ ಹಳ್ಳಿಯಲ್ಲಿ ಆರಾಧನೆ ಮುಗಿದ ಮೇಲೆ, ರಜೆಗೆ ಬಂದ ಸಿಪಾಯಿಯನ್ನು ಕರೆದು, ದೇವಾಲಯದ ಮಾಳಿಗೆ ಸೋರುತ್ತದೆ, ಏನು ಕೊಡುವೆಯಪ್ಪಾ ಎಂದೆನು. ಅವನು ನೋಟುಗಳನ್ನು ಎಣಿಸುವಾಗ ಎರಡು ಬೆರಳುಗಳ ತುದಿ ಇಲ್ಲದ್ದನ್ನು ಕಂಡೆನು. ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ರಜೆ ತೀರಿತು, ಅವನು ಹೊರಟುಹೋದನು. ಮಾಳಿಗೆ ಸರಿಯಾಯಿತು, ಆ ಬೆರಳುಗಳು ಈಗಲೂ ನನ್ನ ಕಣ್ಣಮುಂದೆ ಇವೆ.

ಆದಕಾರಣ ಪ್ರಿಯರೇ, ಮೂರು ಕೆಲಸಗಳನ್ನು ಮಾಡಿರಿ. ಮೊದಲನೆಯದು, ಬಂದವನ ಬಳಿ ಏನನ್ನೂ ಕೇಳದೆ ಕುಳಿತುಕೊಳ್ಳಿರಿ. ಹೇಳಿದರೆ ಕೇಳಿರಿ, ಹೇಳದಿದ್ದರೆ ರೊಟ್ಟಿ ಬಡಿಸಿರಿ. ಎರಡನೆಯದು, ಅವನಿಲ್ಲದಾಗ ಅವನ ಮನೆಯನ್ನು ಕಾಯಿರಿ. ಊರೀಯನ ಮನೆಯನ್ನು ಕಾಯಬೇಕಾದವನೇ ಅದನ್ನು ಕೆಡಿಸಿದನು. ಸಿಪಾಯಿಯ ಹೆಂಡತಿಯ ಮೇಲೆ ಸುಳ್ಳುಮಾತು ಹುಟ್ಟದಿರಲಿ, ಅವನ ಹೊಲದ ಬದು ಒಂದು ಗೇಣೂ ಸರಿಯದಿರಲಿ. ಮೂರನೆಯದು, ಎಡೆಬಿಡದೆ ಪ್ರಾರ್ಥಿಸಿರಿ. ಬೀದರಿನ ಆಕಾಶದಲ್ಲಿ ತರಬೇತಿಯ ವಿಮಾನಗಳು ಗರ್ಜಿಸುತ್ತಾ ಹಾರುವದನ್ನು ನೀವು ಕೇಳುತ್ತೀರಿ. ಆ ಶಬ್ದವು ನಿಮಗೆ ಪ್ರಾರ್ಥನೆಯ ಗಂಟೆಯಾಗಲಿ.

ಕರ್ತನು ಹಿಡಿಯಲ್ಪಟ್ಟ ರಾತ್ರಿಯೂ ಚಳಿಯ ರಾತ್ರಿಯೇ. ಪೇತ್ರನು ಅಂಗಳದಲ್ಲಿ ಇದ್ದಲಿನ ಬೆಂಕಿಗೆ ಚಳಿ ಕಾಯಿಸಿಕೊಳ್ಳುತ್ತಾ ನಿಂತು, ಅವನನ್ನು ಅರಿಯೆನೆಂದನು. ಬೆಂಕಿಯ ಬಳಿ ಕೂಡುವದು ಪಾಪವಲ್ಲ. ನಮಗಾಗಿ ಚಳಿಯಲ್ಲಿ ನಿಂತವನನ್ನು ಅರಿಯೆವೆನ್ನುವದು ಪಾಪ. ಪೇತ್ರನು ಅತ್ತನು, ಕ್ಷಮೆಯನ್ನೂ ಹೊಂದಿದನು. ನಮಗೂ ಇನ್ನು ಸಮಯವುಂಟು. ಮುಂದಿನ ಚಳಿಗಾಲ ಹುಟ್ಟುವದಕ್ಕೆ ಮೊದಲೇ ಎದ್ದು ಹೋಗೋಣ.

ಕರ್ತನೇ, ಹಿಮದಲ್ಲಿ ಕಾಯುವವರನ್ನು ನೀನು ಕಾಯಿ, ಅವರ ಮನೆಗಳನ್ನು ಕಾಯುವಂತೆ ನಮ್ಮನ್ನು ಎಬ್ಬಿಸು, ಯುದ್ಧಗಳನ್ನು ನಿಲ್ಲಿಸು. ಆಮೆನ್.