ದೇವತೆಗಳ ಬಿರುದು, ಅರಸರ ಹಂಗು

ಪ್ರಾಚೀನ ಮೆಸೊಪೊಟೇಮಿಯದ ಅರಸರು ಶಿಲೆಯಲ್ಲಿಯೂ ಸುಟ್ಟ ಜೇಡಿಮಣ್ಣಿನಲ್ಲಿಯೂ ಬರೆಯಿಸಿದ ಶಾಸನಗಳನ್ನು ಓದುವವನಿಗೆ, ಅಲ್ಲಿ ದೇವತೆಗಳಿಗೆ ಸಂದ ಬಿರುದುಗಳು ಭಕ್ತಿಯಿಂದ ಹುಟ್ಟಿದುವೋ ರಾಜನೀತಿಯಿಂದ ಹುಟ್ಟಿದುವೋ ಎಂಬ ಸಂದೇಹವು ಬಾರದೆ ಇರದು. ಕ್ರಿ.ಪೂ. 18ನೆಯ ಶತಮಾನದ ಹಮ್ಮುರಾಬಿಯ ಧರ್ಮಶಾಸನವು ತೊಡಗುವುದೇ ಒಂದು ಪಟ್ಟಾಭಿಷೇಕದ ವೃತ್ತಾಂತದಿಂದ: ದೇವಗಣದ ಅರಸನಾದ ಅನುವೂ, ದ್ಯಾವಾಪೃಥಿವಿಗಳ ಒಡೆಯನೂ ನಾಡಿನ ಭಾಗ್ಯವಿಧಾತನೂ ಆದ ಎನ್‌ಲಿಲನೂ ಕೂಡಿ, ಏಯನ ಹಿರಿಯ ಮಗನಾದ ಮರ್ದೂಕನಿಗೆ ಸಮಸ್ತ ಜನರ ಮೇಲಣ ಎನ್‌ಲಿಲ್‌ಪದವಿಯನ್ನು ಅನುಗ್ರಹಿಸಿದರಂತೆ. ನಿಪ್ಪುರ ನಗರದ ಪುರಾತನ ದೇವನಾದ ಎನ್‌ಲಿಲನ ಹೆಸರೇ ಪದವಿಯಾಗಿ ಬಾಬಿಲೋನಿನ ದೇವನಿಗೆ ಸಂದಿತು. ಬಾಬಿಲೋನು ಸುತ್ತಣ ನಗರಗಳನ್ನು ಗೆದ್ದು ಸಾಮ್ರಾಜ್ಯವಾದ ಕಾಲದಲ್ಲಿಯೇ ಹೀಗಾದುದು ಆಕಸ್ಮಿಕವಲ್ಲ.

ಆ ಪದವಿ ಅಲ್ಲಿಯೂ ಸ್ಥಿರವಾಗಿ ನಿಲ್ಲಲಿಲ್ಲ. ಅಸ್ಸೀರಿಯದವರು ಬಾಬಿಲೋನಿನವರ ಸೃಷ್ಟಿಕಾವ್ಯದಲ್ಲಿ ಮರ್ದೂಕನ ಸ್ಥಾನದಲ್ಲಿ ತಮ್ಮ ದೇವನಾದ ಅಶ್ಶೂರನನ್ನು ಕುಳ್ಳಿರಿಸಿದರು. ಕ್ರಿ.ಪೂ. 556ರಲ್ಲಿ ಬಾಬಿಲೋನಿನ ಸಿಂಹಾಸನವನ್ನೇರಿದ ನಬೊನಿಡಸನು ಹರ್ರಾನಿನ ಶಾಸನದಲ್ಲಿ ಚಂದ್ರದೇವನಾದ ಸಿನ್ ಎಂಬವನನ್ನು ದೇವತೆಗಳ ಅಧಿರಾಜನೆಂದು ಕೊಂಡಾಡಿದನು. 539ರಲ್ಲಿ ಅವನನ್ನು ಸೋಲಿಸಿದ ಪಾರಸೀಕದ ಸೈರಸನಾದರೋ, ಮರ್ದೂಕನೇ ನೀತಿವಂತನಾದ ಅರಸನನ್ನು ದೇಶದೇಶಗಳಲ್ಲಿ ಹುಡುಕಿ ತನ್ನ ಕೈಹಿಡಿದನೆಂದು ಮಣ್ಣಿನ ಉರುಳೆಯ ಮೇಲೆ ಬರೆಯಿಸಿದನು.

ಇಷ್ಟನ್ನು ಕಂಡು, ದೇವರೆಂಬುವನು ಅರಸನ ನೆರಳೇ ಸರಿ ಎಂದುಬಿಡುವುದು ಸುಲಭ. ನನಗೆ ಅದು ಒಪ್ಪಿಗೆಯಾಗದು. ಹಮ್ಮುರಾಬಿಯ ಆ ಧರ್ಮಶಾಸನವನ್ನು ಕೆತ್ತಿದ ಶಿಲಾಸ್ತಂಭವನ್ನೇ ಮತ್ತೊಮ್ಮೆ ನೋಡಬೇಕು. ಏಳಡಿಗೂ ಮಿಕ್ಕ ಎತ್ತರದ ಕರಿಯ ಕಲ್ಲಿನ ನೆತ್ತಿಯಲ್ಲಿ, ಕೊಂಬಿನ ಕಿರೀಟವನ್ನು ಧರಿಸಿ, ಭುಜಗಳಿಂದ ಜ್ವಾಲೆಗಳನ್ನು ಹೊಮ್ಮಿಸುತ್ತ ಸೂರ್ಯದೇವನಾದ ಶಮಾಶನು ಕುಳಿತಿದ್ದಾನೆ. ಅರಸನು ಕೈಯೆತ್ತಿ ನಿಂತಿದ್ದಾನೆ. ಶಾಸನವು ಆ ದೇವನನ್ನು ದ್ಯಾವಾಪೃಥಿವಿಗಳ ಮಹಾನ್ಯಾಯಾಧಿಪತಿಯೆಂದು ಕರೆಯುತ್ತದೆ. ಇದು ಅರಸನಿಗೆ ಭೂಷಣವೆಂಬುದು ನಿಜ. ಆದರೆ ತನ್ನ ಆಳ್ವಿಕೆಗೆ ಆಸರೆಯಾಗಲೆಂದು ಅವನು ಕೆತ್ತಿಸಿದ ಬಿರುದು, ಕೆತ್ತಿಸಿದ ಮೇಲೆ ಅವನ ಅಂಕೆಯಲ್ಲಿ ಉಳಿಯುವುದಿಲ್ಲ. ದೇವನು ನ್ಯಾಯಾಧಿಪತಿಯಾದರೆ ಅರಸನೂ ಅವನ ಮುಂದೆ ವಿಚಾರಣೆಗೆ ಒಳಪಟ್ಟವನೇ. ಶಾಸನದ ಕೊನೆಯಲ್ಲಿ, ಅನ್ಯಾಯಕ್ಕೊಳಗಾದವನು ಈ ಕಲ್ಲಿನ ಮುಂದೆ ಬಂದು, ಬರೆಹವನ್ನು ಓದಿಸಿ ಕೇಳಿ, ತನ್ನ ವ್ಯಾಜ್ಯದ ನೆಲೆಯನ್ನರಿತು ಮನಸ್ಸನ್ನು ಸಂತೈಸಿಕೊಳ್ಳಲೆಂದು ಹೇಳಿದೆ; ಅನಂತರ, ಈ ನ್ಯಾಯವನ್ನು ಅಳಿಸುವವನು ಅರಸನಾಗಲಿ, ಒಡೆಯನಾಗಲಿ, ಅಧಿಕಾರಿಯಾಗಲಿ, ಶಮಾಶನು ಅವನ ಆಳ್ವಿಕೆಯನ್ನು ಉರುಳಿಸಲೆಂಬ ಶಾಪವಿದೆ. ಆ ಶಾಪದಲ್ಲಿ ಹಮ್ಮುರಾಬಿಯು ತನ್ನ ವಂಶದವರಿಗೆಂದು ಯಾವ ವಿನಾಯಿತಿಯನ್ನೂ ಬರೆಯಿಸಲಿಲ್ಲ.