ಆಯುಧವೂ ನಿದ್ರೆಯೂ

ಆಯುಧವನ್ನು ಯಾವಾಗ ಎತ್ತಬೇಕು, ಯಾರ ಮೇಲೆ ಎತ್ತಬಾರದು, ಎತ್ತಿದ್ದನ್ನು ಯಾವಾಗ ಇಳಿಸಬೇಕು ಎಂಬ ವಿಷಯಗಳನ್ನು ನಮ್ಮ ಪೂರ್ವಿಕರು ಆಳವಾಗಿ ಚಿಂತಿಸಿದ್ದಾರೆ. ಮಲಗಿದ್ದವರನ್ನು ಕೊಂದ ಅಶ್ವತ್ಥಾಮನ ಘೋರಕೃತ್ಯವನ್ನು ಹೇಳುವುದಕ್ಕೆ ಮಹಾಭಾರತದಲ್ಲಿ ಸೌಪ್ತಿಕವೆಂಬ ಪರ್ವವೇ ಉಂಟು. ಆದರೆ ಆಯುಧದ ಒಡೆಯನೇ ನಿದ್ರೆಹೋದಾಗ ಆ ಆಯುಧವು ಎಲ್ಲಿರತಕ್ಕದ್ದು, ಯಾರ ವಶದಲ್ಲಿರತಕ್ಕದ್ದು ಎಂದು ಕೇಳಿದವರು ವಿರಳ. ಇದು ಪೊಲೀಸರು ವಿಚಾರಿಸಬೇಕಾದ ಸಂಗತಿ, ಮಠದ ಪತ್ರಿಕೆಗೆ ಹೊರತಾದದ್ದು ಎಂದು ವಾಚಕ ಮಹಾಶಯರಿಗೆ ತೋರಬಹುದು. ನಮಗೂ ಮೊದಲು ಹಾಗೆಯೇ ತೋರಿತ್ತು.

ಕೆಲವು ವರ್ಷಗಳ ಹಿಂದೆ ಮಳವಳ್ಳಿ ತಾಲ್ಲೂಕಿನ ಕಾಡಂಚಿನ ಗ್ರಾಮವೊಂದಕ್ಕೆ ಪಾದಪೂಜೆಯ ನಿಮಿತ್ತ ಹೋಗಿದ್ದೆವು. ಊರಿನಿಂದ ಅರ್ಧ ಮೈಲಿ ದೂರದಲ್ಲಿ, ಕಬ್ಬಿನ ಗದ್ದೆಗಳ ನಡುವೆ ಇದ್ದ ಒಂಟಿ ಮನೆ. ನಡುಮನೆಯಲ್ಲಿ ಹಾಕಿದ್ದ ಮಂಚದ ತಲೆದೆಸೆಯ ಗೂಟಕ್ಕೆ ಒಂದು ಕೇಪಿನ ಕೋವಿ ತೂಗಿತ್ತು. ಮಂಚದ ಮೇಲೆ ಇಬ್ಬರು ಮೊಮ್ಮಕ್ಕಳು ಕುಣಿಯುತ್ತಿದ್ದರು. ಕೋವಿ ಖಾಲಿಯೇ ಎಂದು ಕೇಳಿದೆವು. ಯಜಮಾನರು ನಕ್ಕು, "ಖಾಲಿ ಕೋವಿ ಇಟ್ಕಂಡು ಏನ್ ಮಾಡ್ಲಿ ಬುದ್ಧೀ? ದೊಣ್ಣೆ ಇಟ್ಕಂಡಂಗೆ ಆಯ್ತದೆ. ತಲೆತಾವ ಇದ್ರೇನೇ ನಿದ್ದೆ ಬರೋದು" ಎಂದರು. ಬಾಗಿಲ ಮರೆಯಲ್ಲಿ ನಿಂತಿದ್ದ ಅವರ ಪತ್ನಿ, "ಅದು ಅಲ್ಲಿದ್ರೆ ನಂಗೆ ನಿದ್ದೆ ಬರಾಕಿಲ್ಲ ಬುದ್ಧೀ" ಎಂದು ಮೆಲ್ಲಗೆ ಸೇರಿಸಿದರು. ಅಂದಿನಿಂದ ಈ ಪ್ರಶ್ನೆ ನಮ್ಮನ್ನು ಬಿಟ್ಟಿಲ್ಲ.

ಆ ಯಜಮಾನರ ಭಯವನ್ನು ಹಗುರವಾಗಿ ಕಾಣುವಂತಿಲ್ಲ. ಮಳವಳ್ಳಿಯ ಅಂಚಿಗೆ ಮುತ್ತತ್ತಿಯ ಕಾಡು, ಕಾವೇರಿ ವನ್ಯಜೀವಿಧಾಮ. ಅಲ್ಲಿಂದ ಆನೆಗಳು ಶಿಂಷಾ ನದಿಯ ದಡ ಹಿಡಿದು ಮದ್ದೂರಿನ ಬಯಲಿಗೂ ಬರುವುದುಂಟು. ಹಂದಿಗಳು ಒಂದೇ ರಾತ್ರಿಯಲ್ಲಿ ವರ್ಷದ ಅನ್ನವನ್ನು ಉತ್ತುಹಾಕುತ್ತವೆ. ಮಂಡ್ಯದ ಕಬ್ಬಿನ ಗದ್ದೆಗಳಲ್ಲಿ ಚಿರತೆಯು ಮರಿಯಿಡುವುದು ಈಗ ಯಾರಿಗೂ ಸೋಜಿಗದ ಸುದ್ದಿಯಲ್ಲ. ಮಕ್ಕಳೆಲ್ಲ ಬೆಂಗಳೂರು ಸೇರಿ, ತೋಟದ ಮನೆಗಳಲ್ಲಿ ಮುದುಕ ಮುದುಕಿಯರು ಮಾತ್ರ ಉಳಿದಿರುವ ಈ ಕಾಲದಲ್ಲಿ ಕಳ್ಳನ ಭಯವೂ ಸುಳ್ಳಲ್ಲ. ಇಂಥವರಿಗಾಗಿಯೇ 1959ರ ಶಸ್ತ್ರಾಸ್ತ್ರ ಕಾಯಿದೆಯು ಬೆಳೆಯ ರಕ್ಷಣೆಗೆ ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿಯನ್ನೂ, ಆತ್ಮರಕ್ಷಣೆಗೆ ಇಪ್ಪತ್ತು ಅಂಗುಲಕ್ಕೆ ಕಡಿಮೆಯಿಲ್ಲದ ನಳಿಗೆಯ ಬಂದೂಕನ್ನೂ ಪರವಾನಗಿಯೊಡನೆ ಹೊಂದಲು ಅವಕಾಶವಿತ್ತಿದೆ. 21 ವರ್ಷ ತುಂಬದವರು ಅದನ್ನು ಹೊಂದಕೂಡದೆಂದೂ ವಿಧಿಸಿದೆ. ಆದರೆ ಕಾನೂನು ಮನೆಯ ಹೊಸ್ತಿಲವರೆಗೆ ಬರಬಲ್ಲುದೇ ಹೊರತು ಮಂಚದವರೆಗೆ ಬರಲಾರದು. ಅಲ್ಲಿಂದ ಮುಂದಿನದು ಗೃಹಸ್ಥನ ಧರ್ಮ.

ಹಸುಗಳನ್ನು ಕದ್ದೊಯ್ದ ಕಳ್ಳರಿಗೆ ಕರುಗಳನ್ನೂ ಕೊಟ್ಟು ಕಳುಹಿಸಿದ ಬಸವಣ್ಣನವರ ಕಥೆಯನ್ನು ನಾವು ಪ್ರವಚನಗಳಲ್ಲಿ ಅನೇಕ ಸಲ ಹೇಳಿದ್ದೇವೆ. ಆದರೆ ಅದನ್ನು ಆ ಮನೆಯ ಮಂಚದ ಮುಂದೆ ನಿಂತು ಹೇಳಲು ನಮಗೆ ನಾಲಗೆ ಬರಲಿಲ್ಲ. ಅದು ಶಿಖರದ ಮಾತು. ಅಹಿಂಸೆಯನ್ನೇ ಉಸಿರಾಡಿದ ಗಾಂಧೀಜಿಯವರು ಕೂಡ 1920ರಲ್ಲಿ, ಹೇಡಿತನ ಮತ್ತು ಹಿಂಸೆ ಇವೆರಡರ ನಡುವೆಯೇ ಆರಿಸಬೇಕಾಗಿ ಬಂದರೆ ಹಿಂಸೆಯನ್ನು ಹೇಳುವೆನೆಂದು ಬರೆದರು. ಆದುದರಿಂದ ಗೃಹಸ್ಥನಿಗೆ ಬಂದೂಕೇ ಬೇಡವೆಂದು ವಿಧಿಸುವುದು ಇಲ್ಲಿ ನಮ್ಮ ಉದ್ದೇಶವಲ್ಲ. ಇಟ್ಟುಕೊಂಡವನು ಮಲಗುವಾಗ ಏನು ಮಾಡಬೇಕೆಂಬುದಷ್ಟೇ ಪ್ರಶ್ನೆ.

ಪ್ಲೇಟೋ ಎಂಬ ಗ್ರೀಕ್ ತತ್ತ್ವಜ್ಞನ 'ರಿಪಬ್ಲಿಕ್' ಗ್ರಂಥದ ಆರಂಭದಲ್ಲಿಯೇ ಒಂದು ಪ್ರಸಂಗವಿದೆ. ಧರ್ಮವೆಂದರೆ ಪಡೆದುದನ್ನು ಹಿಂದಿರುಗಿಸುವುದು ಎಂಬ ಮಾತು ಬಂದಾಗ ಸಾಕ್ರಟೀಸನು ಕೇಳುತ್ತಾನೆ: ಗೆಳೆಯನೊಬ್ಬನು ಸ್ವಸ್ಥಬುದ್ಧಿಯಲ್ಲಿದ್ದಾಗ ತನ್ನ ಆಯುಧಗಳನ್ನು ನಿನ್ನ ಬಳಿ ಇರಿಸಿ, ಬುದ್ಧಿ ಕೆಟ್ಟಾಗ ಬಂದು ಹಿಂದಕ್ಕೆ ಕೇಳಿದರೆ ಕೊಡುವೆಯಾ? ಕೊಡಬಾರದೆಂದು ಎಲ್ಲರೂ ಒಪ್ಪುತ್ತಾರೆ. ವಿಶ್ವವಿದ್ಯಾನಿಲಯದಲ್ಲಿ ಇದನ್ನು ಓದಿದಾಗ ನಮಗೆ ಇದೊಂದು ತರ್ಕದ ಚಮತ್ಕಾರವೆಂದು ತೋರಿತ್ತು. ಮಳವಳ್ಳಿಯ ಆ ಮನೆಯನ್ನು ನೋಡಿದ ಮೇಲೆ, ಆ ಗೆಳೆಯನು ಬೇರೆ ಯಾರೂ ಅಲ್ಲ, ನಡುರಾತ್ರಿಯಲ್ಲಿ ಬೆಚ್ಚಿ ಎದ್ದ ನಾವೇ ಎಂದು ಹೊಳೆಯಿತು.

ಮಾಂಡೂಕ್ಯೋಪನಿಷತ್ತು ಜಾಗೃತ್, ಸ್ವಪ್ನ, ಸುಷುಪ್ತಿಗಳೆಂದು ಅವಸ್ಥೆಗಳನ್ನು ವಿಂಗಡಿಸಿತು. ಗಾಢನಿದ್ರೆಯಿಂದ ಥಟ್ಟನೆ ಎದ್ದವನು ಇವುಗಳ ನಡುವಿನ ಸಂಧಿಯಲ್ಲಿರುತ್ತಾನೆ. ಕಣ್ಣು ತೆರೆದಿರುತ್ತದೆ, ವಿವೇಕ ಇನ್ನೂ ತೆರೆದಿರುವುದಿಲ್ಲ. ನಿದ್ರೆಯ ಈ ಜಡತೆಯು ಹಲವು ನಿಮಿಷಗಳ ಕಾಲ, ಕೆಲವೊಮ್ಮೆ ಅರ್ಧ ಗಂಟೆಯವರೆಗೂ, ನಿರ್ಣಯಶಕ್ತಿಯನ್ನು ಕುಂದಿಸುತ್ತದೆಂದು ಈಗಿನ ವೈದ್ಯಶಾಸ್ತ್ರವೂ ಹೇಳುತ್ತದೆ. ಅಂಥವನ ಕೈಗೆ ಎಟಕುವಂತೆ ತುಂಬಿದ ಕೋವಿಯನ್ನು ಇಡುವವರು ಯಾರು? ಸಂಜೆಯ ಹೊತ್ತಿನಲ್ಲಿ ಸ್ವಸ್ಥಬುದ್ಧಿಯಲ್ಲಿದ್ದ ಅವನೇ. ಕತ್ತಲಲ್ಲಿ ಬಾಗಿಲು ಸದ್ದು ಮಾಡುವವನು ಬಹುಪಾಲು ರಾತ್ರಿಗಳಲ್ಲಿ ಕಳ್ಳನಲ್ಲ. ಕೊನೆಯ ಬಸ್ಸಿಳಿದು ಹೇಳದೆ ಬಂದ ಮಗನೋ, ಹಿತ್ತಿಲಿಗೆ ಎದ್ದುಹೋದ ಸೊಸೆಯೋ ಆಗಿರುತ್ತಾರೆ. ಇಂದು ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯು, ಹಿಂದಿನ ದಂಡ ಸಂಹಿತೆಯಂತೆಯೇ, ರಾತ್ರಿ ಮನೆಗೆ ಕನ್ನ ಹಾಕಿದವನ ವಿರುದ್ಧ ಆತ್ಮರಕ್ಷಣೆಯ ವಿಸ್ತಾರವಾದ ಹಕ್ಕನ್ನು ಕೊಟ್ಟಿದೆ ನಿಜ. ಆದರೆ ರಕ್ಷಣೆಗೆ ಅವಶ್ಯವಾದುದಕ್ಕಿಂತ ಹೆಚ್ಚಿನ ಹಾನಿ ಮಾಡಕೂಡದೆಂಬ ಮೇರೆಯನ್ನೂ ಹಾಕಿದೆ. ಎಷ್ಟು ಅವಶ್ಯವೆಂದು ಅಳೆಯಬೇಕಾದವನು ಎಚ್ಚೆತ್ತಿರಬೇಕಷ್ಟೆ?

ಬೀಗವು ಆ ಸಾಕ್ರಟೀಸನ ಗೆಳೆಯ. ಸಂಜೆ ಕೊಟ್ಟ ಆಯುಧವನ್ನು ಅದು ನಡುರಾತ್ರಿಯಲ್ಲಿ ಒಡನೆಯೇ ಹಿಂದಿರುಗಿಸುವುದಿಲ್ಲ. ದೀಪ ಹಾಕಿ, ಬೀಗದ ಕೈ ಹುಡುಕಿ, ಬೀಗ ತೆರೆದು, ತೋಟಾ ಇರುವ ಪೆಟ್ಟಿಗೆಯನ್ನು ಬೇರೆ ಕೋಣೆಯಿಂದ ತರುವ ಹೊತ್ತಿಗೆ ಮನುಷ್ಯನು ತಾನು ಯಾರು, ಬಾಗಿಲಲ್ಲಿರುವವರು ಯಾರು ಎಂದು ತಿಳಿಯುವಷ್ಟು ಎಚ್ಚರಗೊಂಡಿರುತ್ತಾನೆ. "ಅಷ್ಟರಲ್ಲಿ ಕಳ್ಳನು ಕುತ್ತಿಗೆಗೆ ಕತ್ತಿಯಿಟ್ಟಿರುತ್ತಾನಲ್ಲ?" ಎಂದು ಕೇಳುವಿರಿ. ಅಂಥ ಒಂದು ರಾತ್ರಿ ಬರಲಾರದೆಂದು ನಾವು ಹೇಳೆವು. ಆ ಒಂದು ನಿಮಿಷಕ್ಕೆ ಬೆಲೆ ತೆರಬೇಕಾಗಿ ಬಂದೀತು. ಆದರೆ ಬಾರದಿರಬಹುದಾದ ಆ ಒಂದು ರಾತ್ರಿಗಾಗಿ ಬಂದೇ ಬರುವ ಸಾವಿರಾರು ರಾತ್ರಿಗಳನ್ನೂ ಹಗಲುಗಳನ್ನೂ ತುಂಬಿದ ಕೋವಿಯ ಕೆಳಗೆ ಕಳೆಯುವುದಿದೆಯಲ್ಲ, ಅದರ ಲೆಕ್ಕವನ್ನೂ ಹಾಕಬೇಕು. 1993ರಲ್ಲಿ ಅಮೆರಿಕದ ವೈದ್ಯರು, ಬಂದೂಕಿನ ವಿಷಯದಲ್ಲಿ ನಮಗಿಂತ ಬಹುಪಾಲು ಸಡಿಲವಾದ ಆ ದೇಶದಲ್ಲಿ, ಮನೆಗಳೊಳಗೆ ನಡೆದ ಕೊಲೆಗಳನ್ನು ಪರಿಶೀಲಿಸಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಕೊಂದವರಲ್ಲಿ ಹೆಚ್ಚಿನವರು ಹೊರಗಿನಿಂದ ನುಗ್ಗಿದ ಅಪರಿಚಿತರಾಗಿರಲಿಲ್ಲ. ಮನೆಯವರೋ ಪರಿಚಿತರೋ ಆಗಿದ್ದರು.

ದೂರದ ದೇಶದ ಮಾತೇಕೆ? 2025ರ ಫೆಬ್ರವರಿಯಲ್ಲಿ ನಮ್ಮ ಮಂಡ್ಯ ಜಿಲ್ಲೆಯ ನಾಗಮಂಗಲ ತಾಲ್ಲೂಕಿನ ಕೋಳಿ ಫಾರಂ ಒಂದರಲ್ಲಿ ಇಟ್ಟಿದ್ದ ಬಂದೂಕು ಹದಿಹರೆಯದ ಹುಡುಗನೊಬ್ಬನ ಕೈಗೆ ಸಿಕ್ಕಿತು. ಆಟದಲ್ಲಿ ಹಾರಿದ ಗುಂಡಿಗೆ ನಾಲ್ಕು ವರ್ಷದ ಕೂಸು ಬಲಿಯಾಯಿತು, ತಾಯಿಗೂ ಗಾಯವಾಯಿತು. ದುಡಿಮೆಗಾಗಿ ಹೊರರಾಜ್ಯದಿಂದ ಬಂದ ಬಡ ಸಂಸಾರವದು. ಅಲ್ಲಿ ಕಳ್ಳನೂ ಇರಲಿಲ್ಲ, ಚಿರತೆಯೂ ಇರಲಿಲ್ಲ, ಯಾರಿಗೂ ಯಾರ ಮೇಲೂ ದ್ವೇಷವಿರಲಿಲ್ಲ. ಆ ಹುಡುಗನು ತನ್ನ ಮುಂದಿನ ಆಯುಷ್ಯವನ್ನೆಲ್ಲ ಯಾವ ಭಾರವನ್ನು ಹೊತ್ತು ನಡೆಯಬೇಕೆಂದು ಯೋಚಿಸಿದರೆ ಎದೆ ನಡುಗುತ್ತದೆ.

ಕೇಪಿನ ಕೋವಿಯ ವಿಷಯದಲ್ಲಿ ಇನ್ನೊಂದು ತೊಡಕುಂಟು. ಅದನ್ನು ಬಳಸದ ಪಟ್ಟಣಿಗರಿಗೆ ಇದು ತಿಳಿಯದು. ತೋಟಾ ಹಾಕುವ ಬಂದೂಕಾದರೆ ನಳಿಗೆ ತೆರೆದು ತೋಟಾ ಹೊರತೆಗೆಯಬಹುದು. ಬಾಯಿಂದ ಮದ್ದು ಹಾಕಿ, ಗುಂಡು ತುರುಕಿ, ಗಜದಿಂದ ಜಡಿದ ಕೋವಿಯನ್ನು ಹಾಗೆ ಸುಲಭವಾಗಿ ಬರಿದು ಮಾಡಲಾಗುವುದಿಲ್ಲ. ಆದುದರಿಂದಲೇ ಹಂದಿ ಬಾರದ ರಾತ್ರಿ ಕಾವಲು ಮುಗಿಸಿದ ರೈತನು ತುಂಬಿದ ಕೋವಿಯನ್ನೇ ಹೆಗಲಿಗೇರಿಸಿ ಮನೆಗೆ ಬಂದು ಗೂಟಕ್ಕೆ ತೂಗುಹಾಕುತ್ತಾನೆ. ಕೇಪು ತೆಗೆದಿದ್ದೇನೆ, ಇನ್ನು ಭಯವಿಲ್ಲ ಎಂದುಕೊಳ್ಳುತ್ತಾನೆ. ಕೇಪು ತೆಗೆದರೂ ಮದ್ದು ನಳಿಗೆಯಲ್ಲಿಯೇ ಇರುತ್ತದೆ. ವಾರ ಕಳೆದ ಮೇಲೆ ತುಂಬಿದೆಯೋ ಇಲ್ಲವೋ ಎಂಬುದು ಅವನಿಗೇ ಮರೆತಿರುತ್ತದೆ. ಹೀಗಾಗಿ, ಮಲಗುವಾಗ ಕೋವಿ ಎಲ್ಲಿರಬೇಕೆಂಬ ಪ್ರಶ್ನೆಯು ಕೋಣೆಯಲ್ಲಲ್ಲ, ಹೊಲದಲ್ಲಿಯೇ ಆರಂಭವಾಗುತ್ತದೆ. ಹೊಲದಲ್ಲಿ ತುಂಬಿದ್ದನ್ನು ಹೊಲದಲ್ಲಿಯೇ, ಸುರಕ್ಷಿತ ದಿಕ್ಕಿಗೆ ಬರಿದುಮಾಡಿ ಮನೆಗೆ ತರಬೇಕು. ಒಂದು ಹಿಡಿ ಮದ್ದು ನಷ್ಟವಾದರೆ ಆಗಲಿ.

ಇಂಥ ವಿವೇಕ ನಮ್ಮ ನಾಡಿಗೆ ಹೊಸದಲ್ಲ. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನನ ಕಾಲದ ಮದ್ದಿನ ಮನೆಗಳನ್ನು ನೀವು ನೋಡಿರಬಹುದು. ಅವುಗಳಲ್ಲೊಂದನ್ನು 2017ರಲ್ಲಿ ಜೋಡಿ ರೈಲುಮಾರ್ಗಕ್ಕಾಗಿ ಬುಡಸಮೇತ ಎತ್ತಿ ನೂರು ಮೀಟರಿಗೂ ಹೆಚ್ಚು ದೂರಕ್ಕೆ ಸರಿಸಿದಾಗ ಜನ ಜಾತ್ರೆಯಂತೆ ನೋಡಿದರು. ಹಗಲಿರುಳೂ ಶತ್ರುಭಯವಿದ್ದ ದೊರೆಯೂ ಮದ್ದಿಗೆ ದಪ್ಪ ಗೋಡೆಯ ಪ್ರತ್ಯೇಕ ಮನೆಗಳನ್ನು ಕಟ್ಟಿಸಿದನು. ಕೊಡವರಿಗೆ ಬಂದೂಕು ಕುಲದ ಗೌರವ. ಪರವಾನಗಿಯಿಂದ ಅವರಿಗಿರುವ ವಿನಾಯಿತಿಯನ್ನು ಕೇಂದ್ರ ಸರ್ಕಾರವು 2019ರಲ್ಲಿ ಮತ್ತೆ ಹತ್ತು ವರ್ಷಗಳಿಗೆ ಮುಂದುವರಿಸಿತು. ಅಂಥವರ ಸಂಪ್ರದಾಯದಲ್ಲಿಯೂ, ಬಿತ್ತನೆ ನಾಟಿಗಳ ತಿಂಗಳುಗಳಲ್ಲಿ ಆಯುಧಗಳನ್ನು ದೇವರ ಕೋಣೆಯಲ್ಲಿರಿಸಿ, ಕೈಲ್‌ಪೋಳ್ದ್ ಹಬ್ಬದಂದು ಹೂವೇರಿಸಿ ಪೂಜಿಸಿ ಹೊರತೆಗೆಯುವರು. ಆಯುಧವನ್ನು ಒಳಗಿಡುವುದು ಅಲ್ಲಿ ಪೌರುಷಕ್ಕೆ ಕುಂದಲ್ಲ.

ಮನೆಯಲ್ಲಿ ಎಲ್ಲಿಡಬೇಕೆಂಬುದನ್ನು ಬಿಚ್ಚಿಯೇ ಹೇಳೋಣ. ದಿಂಬಿನ ಕೆಳಗಲ್ಲ, ಹಾಸಿಗೆಯ ಸಂದಿಯಲ್ಲಲ್ಲ, ಬಾಗಿಲ ಹಿಂದೆಯೂ ಅಲ್ಲ. ಅಟ್ಟದ ಮೇಲೆ, ರಾಗಿ ಮೂಟೆಯ ಮರೆಯಲ್ಲಿ ಬಚ್ಚಿಟ್ಟರೆ ಸಾಕೆಂಬ ಭ್ರಮೆ ಬೇಡ. ಬೆಲ್ಲದ ಡಬ್ಬ ಎಲ್ಲಿದೆಯೆಂದು ಬಲ್ಲ ಮಕ್ಕಳಿಗೆ ಕೋವಿ ಎಲ್ಲಿದೆಯೆಂಬುದೂ ಗೊತ್ತಿರುತ್ತದೆ. ನಳಿಗೆ ತೆರೆದು ಕಣ್ಣಿನಿಂದಲೂ ಬೆರಳಿನಿಂದಲೂ ಪರೀಕ್ಷಿಸಿ, ಬರಿದಾದ ಬಂದೂಕನ್ನು ಗೋಡೆಗೆ ಭದ್ರಪಡಿಸಿದ ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಬೇಕು. ತೋಟಾಗಳು, ಮದ್ದು, ಕೇಪುಗಳು ಬೇರೊಂದು ಕೋಣೆಯಲ್ಲಿ, ಒಲೆಯಿಂದ ದೂರವಾಗಿ, ಬೇರೊಂದು ಬೀಗದಲ್ಲಿರಬೇಕು. ಬೀಗದ ಕೈ ಮೊಳೆಗಲ್ಲ, ಪರವಾನಗಿಯುಳ್ಳವನ ಮೈಮೇಲಿರಬೇಕು. ಕುಡಿದ ರಾತ್ರಿ ಅವನು ಅದನ್ನು ಮುಟ್ಟಲೇಬಾರದು. ಕುಡಿತವನ್ನೇ ಬಿಡಬೇಕೆಂಬುದು ಬೇರೆ ಮಾತು, ಅದನ್ನು ಇನ್ನೊಂದು ಸಂಚಿಕೆಯಲ್ಲಿ ಹೇಳೋಣ.

ಇನ್ನೊಂದು ಸಂಗತಿಯನ್ನು ಹೇಳದೆ ಮುಂದುವರಿಯಲಾಗದು. 2015ರಲ್ಲಿ ಮಂಡ್ಯದ ಕಬ್ಬು ಬೆಳೆಗಾರರು ಒಬ್ಬರ ಹಿಂದೊಬ್ಬರು ಪ್ರಾಣ ಕಳೆದುಕೊಂಡ ದಿನಗಳನ್ನು ನಾವು ಮರೆತಿಲ್ಲ. ಮನಸ್ಸು ಮುರಿದವನಿಗೆ ಕತ್ತಲು ದೀರ್ಘವಾಗಿರುತ್ತದೆ. ಆದರೆ ಸಾಯಬೇಕೆಂಬ ಆ ತೀವ್ರವಾದ ಆವೇಗವು ಬಹುಮಂದಿಯಲ್ಲಿ ಅಲ್ಪಕಾಲದ್ದು. ಅದು ಹಾದುಹೋಗುವವರೆಗೆ ಸಾಧನವು ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ. ಶ್ರೀಲಂಕೆಯಲ್ಲಿ ಅತಿ ವಿಷಕಾರಿಯಾದ ಕೀಟನಾಶಕಗಳನ್ನು ನಿಷೇಧಿಸುತ್ತ ಬಂದ ಮೇಲೆ ಆತ್ಮಹತ್ಯೆಗಳು ಬಹಳವಾಗಿ ಇಳಿದವು. ಆದುದರಿಂದ ಕೋವಿಗೆ ಹಾಕುವ ಬೀಗವನ್ನು ಔಷಧಿಯ ಡಬ್ಬಕ್ಕೂ ಹಾಕಿರಿ. ಮನೆಯಲ್ಲಿ ಯಾರಾದರೂ ಮಾತು ಕಡಿಮೆ ಮಾಡಿ ಕುಳಿತಿದ್ದರೆ ಕೋವಿಯನ್ನು ಮನೆಯಿಂದಲೇ ದೂರ ಮಾಡಲು ಠಾಣೆಯಲ್ಲಿ ವಿಚಾರಿಸಿರಿ, ಅವರ ಬಳಿ ಕುಳಿತು ಮಾತನಾಡಿಸಿರಿ. 14416 ಎಂಬ ದೂರವಾಣಿ ಸಂಖ್ಯೆಗೆ ಕರೆ ಮಾಡಿದರೆ ಸರ್ಕಾರದ ಟೆಲಿ ಮಾನಸ್ ಸೇವೆಯವರು ಕನ್ನಡದಲ್ಲಿಯೇ ಮಾತನಾಡುತ್ತಾರೆ. ಸಂಕೋಚವಾದರೆ ಮಠಕ್ಕೆ ಬನ್ನಿರಿ.

ಚುನಾವಣೆ ಬಂದಾಗ ಪರವಾನಗಿಯ ಬಂದೂಕುಗಳನ್ನು ಠಾಣೆಗೆ ಒಪ್ಪಿಸಬೇಕೆಂಬ ಆದೇಶ ಹೊರಡುವುದುಂಟು. ಆ ವಾರಗಳಲ್ಲಿ ನೀವು ಹೇಗೆ ಮಲಗಿದಿರಿ? ಹಿತ್ತಿಲ ಬಾಗಿಲ ಅಗುಳಿಯನ್ನು ಸರಿಪಡಿಸಿದಿರಿ, ಅಂಗಳಕ್ಕೊಂದು ದೀಪ ಹಾಕಿದಿರಿ, ನಾಯಿಯನ್ನು ಬಿಚ್ಚಿದಿರಿ, ನೆರೆಯವನಿಗೆ "ಕೂಗಿದರೆ ಬಾರಪ್ಪ" ಎಂದು ಹೇಳಿಟ್ಟಿರಿ. ಅವೆಲ್ಲವೂ ಕೋವಿ ಮನೆಗೆ ಮರಳಿದ ಮೇಲೂ ಇರಬಹುದಲ್ಲ. ಈಗ 112ಕ್ಕೆ ಕರೆ ಮಾಡಿದರೆ ಪೊಲೀಸರೂ ಬರುತ್ತಾರೆ. ಒಂಟಿ ಮನೆಗೆ ತಡವಾಗಿ ಬಂದಾರು, ಆದರೂ ಕರೆಯುವುದನ್ನು ಬಿಡಬೇಡಿರಿ.

ಮಳವಳ್ಳಿಯ ಆ ಯಜಮಾನರು ಮರುವರ್ಷ ಮಠಕ್ಕೆ ಬಂದಿದ್ದರು. ಮಂಡ್ಯದಿಂದ ಕಬ್ಬಿಣದ ಬೀರು ತಂದು ಗೋಡೆಗೆ ಹೂಳಿಸಿದ್ದಾಗಿ ಹೇಳಿದರು. ಬೀಗದ ಕೈ ಎಲ್ಲಿ ಎಂದು ಕೇಳಿದೆವು. ಎದೆಯ ಮೇಲಿನ ಶಿವದಾರವನ್ನು ಎತ್ತಿ ತೋರಿಸಿದರು; ಇಷ್ಟಲಿಂಗದ ಪಕ್ಕದಲ್ಲಿಯೇ ಕಟ್ಟಿಕೊಂಡಿದ್ದರು. "ಅಲ್ಲಿ ಬೇಡಪ್ಪ, ಉಡಿದಾರಕ್ಕೆ ಕಟ್ಟಿಕೋ" ಎಂದೆವು. ಅವರ ಪತ್ನಿ ಸೆರಗು ಬಾಯಿಗಿಟ್ಟು ನಕ್ಕರು. ರಾತ್ರಿ ನಿದ್ದೆ ಬರುತ್ತದೆಯೇ ತಾಯಿ ಎಂದು ನಾವು ಅವರನ್ನು ಕೇಳಿದೆವು. "ಬತ್ತದೆ ಬುದ್ಧೀ. ಇವರಿಗೇ ಇನ್ನೂ ಒಂದೊಂದ್ ದಿನ ಬರಾಕಿಲ್ಲ" ಎಂದರು.