ಉಸಿರಿನ ಯಂತ್ರವೂ ಪಾರತಂತ್ರ್ಯವೂ

ಮನುಷ್ಯನು ಒಂದು ಅಹೋರಾತ್ರಿಯಲ್ಲಿ 21,600 ಬಾರಿ ಉಸಿರಾಡುವನೆಂದೂ, ಆ ಒಂದೊಂದು ಉಸಿರೂ ಮುಖ್ಯಪ್ರಾಣದೇವರು ನಮ್ಮೊಳಗಿದ್ದು ನಡೆಸುವ ಹಂಸಮಂತ್ರದ ಜಪವೆಂದೂ ನಮ್ಮ ಸಂಪ್ರದಾಯವು ಸಾರುತ್ತದೆ. ಶ್ರೀ ರಾಘವೇಂದ್ರತೀರ್ಥರ ಪ್ರಾತಃಸಂಕಲ್ಪಗದ್ಯವನ್ನು ದಿನವೂ ಹೇಳುವ ಮನೆಗಳಲ್ಲಿ ಈ ಸಂಖ್ಯೆ ಮಕ್ಕಳಿಗೂ ಪರಿಚಿತ. ನಿಮಿಷಕ್ಕೆ 15ರಂತೆ ಎಣಿಸಿದರೆ 24 ಗಂಟೆಗಳಿಗೆ ಸರಿಯಾಗಿ ಅಷ್ಟೇ ಆಗುತ್ತದೆ. ಅಂತಹ ಮನೆಯ ಯಜಮಾನನೊಬ್ಬನಿಗೆ, ರಾತ್ರಿ ಮಲಗುವಾಗ ಮೂಗಿಗೆ ಮಾಸ್ಕ್ ಕಟ್ಟಿಕೊಂಡು ವಿದ್ಯುತ್ ಯಂತ್ರವು ಊದುವ ಗಾಳಿಯಲ್ಲಿ ಉಸಿರಾಡಬೇಕೆಂದು ವೈದ್ಯರು ವಿಧಿಸಿದರೆ, ಆತನ ಮನಸ್ಸಿನಲ್ಲಿ ಪ್ರಶ್ನೆಯೊಂದು ಏಳುವುದು ಸಹಜ. ಉಸಿರನ್ನು ದೇವರು ನಡೆಸುವನಾದರೆ ಯಂತ್ರಕ್ಕೇನು ಕೆಲಸ? ಅದನ್ನು ಆಶ್ರಯಿಸುವುದು ವಿಶ್ವಾಸದ ಕೊರತೆಯಲ್ಲವೇ? ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಪರಿಚಿತ ಗೃಹಸ್ಥರ ಬಾಯಿಂದಲೇ ಈ ಮಾತನ್ನು ಕೇಳಿದ್ದೇನೆ. ನಕ್ಕು ಬಿಡತಕ್ಕ ಪ್ರಶ್ನೆಯಲ್ಲ ಇದು.

ಮೊದಲು ವ್ಯಾಧಿಯ ಸ್ವರೂಪವನ್ನು ತಿಳಿಯೋಣ. ವೈದ್ಯರು ಇದನ್ನು 'ಸ್ಲೀಪ್ ಆಪ್ನಿಯಾ' ಎನ್ನುತ್ತಾರೆ. ನಿದ್ರೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು, ನಾಲಿಗೆಯ ಬುಡ ಹಿಂದಕ್ಕೆ ಸರಿದು, ಗಾಳಿಯ ದಾರಿ ಮುಚ್ಚಿಹೋಗುತ್ತದೆ. ಹತ್ತು ಸೆಕೆಂಡಿಗೆ ಕಡಿಮೆಯಿಲ್ಲದಂತೆ ಉಸಿರು ನಿಂತರೆ ಅದನ್ನು ಒಂದು ತಡೆಯೆಂದು ಎಣಿಸುತ್ತಾರೆ. ಪೂರ್ಣ ತಡೆ, ಅರೆ ತಡೆಗಳು ಸೇರಿ ಗಂಟೆಗೆ 5ಕ್ಕಿಂತ ಕಡಿಮೆಯಿದ್ದರೆ ದೋಷವಿಲ್ಲ. 30 ಅಥವಾ ಹೆಚ್ಚಾದರೆ ತೀವ್ರವೆಂದು ಗಣನೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಮೆದುಳು ಗಾಬರಿಗೊಂಡು ಅರೆಕ್ಷಣ ಎಚ್ಚರಿಸುತ್ತದೆ. ಗೊರಕೆಯೊಡನೆ ಉಸಿರು ಮರಳುತ್ತದೆ. ರಾತ್ರಿಯಿಡೀ ಇದೇ ಕಥೆ. ಫಲವಾಗಿ ಹಗಲಿನ ತೂಕಡಿಕೆ, ಬೆಳಗಿನ ತಲೆನೋವು, ಏರುವ ರಕ್ತದೊತ್ತಡ. ಹೃದ್ರೋಗ ಪಾರ್ಶ್ವವಾಯುಗಳ ಭಯ. ಚಲನಚಿತ್ರ ಸಂಗೀತ ನಿರ್ದೇಶಕ ಬಪ್ಪಿ ಲಾಹಿರಿ ಅವರು 2022ರ ಫೆಬ್ರವರಿ 15ರಂದು ತೀರಿಕೊಂಡಾಗ ವೈದ್ಯರು ಈ ವ್ಯಾಧಿಯ ಹೆಸರನ್ನು ಹೇಳಿದರು. ನಮ್ಮಲ್ಲಿ ಅನೇಕರು ಆ ಹೆಸರನ್ನು ಕೇಳಿದ್ದು ಅಂದೇ. ಸ್ಥೂಲಕಾಯರಿಗೆ ಇದು ಹೆಚ್ಚು. ಆದರೆ ದವಡೆ ಚಿಕ್ಕದಾದ ತೆಳ್ಳನೆಯವರಿಗೂ, ನಡುವಯಸ್ಸು ದಾಟಿದ ಸ್ತ್ರೀಯರಿಗೂ ಬರುತ್ತದೆ. ಗೊರಕೆಯನ್ನು ಗಾಢನಿದ್ರೆಯ ಲಕ್ಷಣವೆಂದು ಭಾವಿಸಿ ಕುಂಭಕರ್ಣನ ಹೆಸರು ಹೇಳಿ ನಗುವ ನಮ್ಮ ರೂಢಿ ಇಲ್ಲಿ ಅಪಾಯಕಾರಿ.

ಬೃಹದಾರಣ್ಯಕೋಪನಿಷತ್ತಿನಲ್ಲಿ ಒಂದು ಪ್ರಸಂಗವಿದೆ. ವಾಕ್ಕು, ಕಣ್ಣು, ಕಿವಿಗಳು ತಮ್ಮ ಕೆಲಸವನ್ನು ಬಿಡದೆ ಮಾಡುವೆವೆಂದು ಹೊರಟವು. ಮೃತ್ಯುವು ಶ್ರಮದ ರೂಪದಿಂದ ಬಂದು ಅವೆಲ್ಲವನ್ನೂ ಹಿಡಿಯಿತು. ಪ್ರಾಣನನ್ನು ಮಾತ್ರ ಹಿಡಿಯಲಾರದೆ ಹೋಯಿತು. ಈ ವ್ಯಾಧಿಯಲ್ಲಿಯೂ ನಡೆಯುವುದು ಅದೇ. ಗಂಟಲಿನ ಅಡ್ಡಿಯಿಂದ ಬರುವ ಸಾಮಾನ್ಯ ಬಗೆಯಲ್ಲಿ, ದಾರಿ ಮುಚ್ಚಿದ್ದರೂ ಎದೆಯೂ ವಪೆಯೂ ಉಸಿರಿಗಾಗಿ ಸೆಣಸುತ್ತಲೇ ಇರುತ್ತವೆ. ಸೋತಿರುವುದು ಪ್ರಾಣವ್ಯಾಪಾರವಲ್ಲ, ಗಂಟಲಿನ ಮಾಂಸ.

ಈಗ ಯಂತ್ರ ಮಾಡುವುದೇನೆಂಬುದನ್ನು ನೋಡಬೇಕು. 'ಸಿಪ್ಯಾಪ್' ಎಂಬ ಈ ಸಾಧನವನ್ನು ಆಸ್ಟ್ರೇಲಿಯದ ಸಿಡ್ನಿಯ ವೈದ್ಯ ಕಾಲಿನ್ ಸಲ್ಲಿವನ್ ಅವರು 1980ರಲ್ಲಿ ಮೊದಲು ಪ್ರಯೋಗಿಸಿ, 1981ರಲ್ಲಿ ಐವರು ರೋಗಿಗಳ ವೃತ್ತಾಂತವನ್ನು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಅದಕ್ಕೆ ಮುಂಚೆ ತೀವ್ರ ವ್ಯಾಧಿಗೆ ಕತ್ತಿನಲ್ಲಿ ರಂಧ್ರ ಕೊರೆಯುವುದೇ ಚಿಕಿತ್ಸೆಯಾಗಿತ್ತು. ಈ ಯಂತ್ರವು ನಮ್ಮ ಪರವಾಗಿ ಉಸಿರಾಡುವುದಿಲ್ಲ. ಕೋಣೆಯ ಗಾಳಿಯನ್ನೇ ಶೋಧಿಸಿ, ಅಲ್ಪ ಒತ್ತಡದಿಂದ ಕಳುಹಿಸಿ, ಗಂಟಲಿನ ದಾರಿ ಕುಸಿಯದಂತೆ ತೆರೆದಿಡುತ್ತದೆ, ಅಷ್ಟೆ. ಮಾರಿಕಣಿವೆಯ ನಾಲೆಯಲ್ಲಿ ಹೂಳು ತುಂಬಿದಾಗ ಗುದ್ದಲಿ ಹಿಡಿದು ಹೂಳೆತ್ತುವವನು ನೀರನ್ನು ಸೃಷ್ಟಿಸುವನೇ? ವೇದಾವತಿಯ ನೀರಿಗೆ ಅವನು ದಾರಿ ಮಾಡುತ್ತಾನೆ. ಹೂಳೆತ್ತಿದ ಮಾತ್ರಕ್ಕೆ ಆ ರೈತನು ಮಳೆಯ ದೇವರನ್ನು ನಂಬಲಿಲ್ಲವೆಂದು ಯಾರೂ ಹೇಳುವುದಿಲ್ಲ.

ಆದರೂ ಒಂದು ಆಕ್ಷೇಪ ಉಳಿಯುತ್ತದೆ. ಎಲ್ಲವೂ ಹರಿಯ ಅಧೀನವಾಗಿರುವಾಗ ಉಸಿರನ್ನು ಅವನಿಗೇ ಬಿಟ್ಟು ಮಲಗಬಾರದೇಕೆ? ಬ್ರಹ್ಮಸೂತ್ರದ ಎರಡನೆಯ ಅಧ್ಯಾಯವು ಜೀವನು ಕರ್ತೃವೆಂದೂ, ಆ ಕರ್ತೃತ್ವ ಪರಾಧೀನವೆಂದೂ ನಿರ್ಣಯಿಸುತ್ತದೆ. ಪರಾಧೀನವೆಂದ ಮಾತ್ರಕ್ಕೆ ಕರ್ತೃತ್ವವೇ ಇಲ್ಲವೆಂದಾಗದು. ಇಲ್ಲವಾದರೆ ವಿಧಿನಿಷೇಧಗಳಿಗೆ ಅರ್ಥವಿರದು. ಹಸಿವಾದಾಗ ಅನ್ನಕ್ಕೆ ಕೈ ಚಾಚುವವನು, ಕಣ್ಣು ಮಂಜಾದಾಗ ಕನ್ನಡಕ ಧರಿಸಿ ಸುಮಧ್ವವಿಜಯವನ್ನು ಪಾರಾಯಣ ಮಾಡುವವನು, ಉಸಿರಿನ ವಿಷಯದಲ್ಲಿ ಮಾತ್ರ ನಿಷ್ಕ್ರಿಯನಾಗುವುದು ಭಕ್ತಿಯೆನಿಸದು. ನಿಜವಾಗಿ ನೋಡಿದರೆ ಅಲ್ಲಿ ಅಡಗಿರುವುದು ಅಭಿಮಾನ. 'ನಾನು ಯಂತ್ರಕ್ಕೆ ಅಧೀನನಾಗಲಾರೆ' ಎನ್ನುವವನು ತಾನು ಈವರೆಗೆ ಸ್ವತಂತ್ರನಾಗಿದ್ದೆನೆಂದು ಭಾವಿಸಿದಂತಾಯಿತು. ಸ್ವತಂತ್ರತತ್ತ್ವ ಒಂದೇ ಎಂಬ ಸಿದ್ಧಾಂತದಲ್ಲಿ ಬೆಳೆದವರಿಗೆ ಆ ಮಾತು ಒಪ್ಪದು.

ಇನ್ನೊಂದು ಅಂಶ ಪ್ರಮಾಣಕ್ಕೆ ಸಂಬಂಧಿಸಿದ್ದು. ನಿದ್ರೆಯಿಂದ ಎದ್ದವನು 'ಸುಖವಾಗಿ ಮಲಗಿದ್ದೆ, ಏನೂ ತಿಳಿಯಲಿಲ್ಲ' ಎನ್ನುವ ಅನುಭವವನ್ನು ಶಾಸ್ತ್ರಕಾರರು ಬಹುವಾಗಿ ಚರ್ಚಿಸಿದ್ದಾರೆ. ಸುಖದುಃಖಗಳು ಸಾಕ್ಷಿವೇದ್ಯ, ಅದರಲ್ಲಿ ವಿವಾದವಿಲ್ಲ. ಆದರೆ ಗಂಟಲು ಎಷ್ಟು ಬಾರಿ ಮುಚ್ಚಿತೆಂಬುದು ಸಾಕ್ಷಿಯ ವಿಷಯವಲ್ಲ. ಅದು ಪಕ್ಕದಲ್ಲಿ ಎಚ್ಚರವಿದ್ದವರ ಪ್ರತ್ಯಕ್ಷ. 'ರಾತ್ರಿ ನಿಮ್ಮ ಉಸಿರು ನಿಲ್ಲುತ್ತದೆ, ನನಗೆ ಹೆದರಿಕೆಯಾಗುತ್ತದೆ ಅಂದ್ರೆ' ಎಂದು ಗೃಹಿಣಿ ಹೇಳಿದಾಗ 'ನನಗೇನೂ ಆಗಿಲ್ಲ, ಸುಮ್ಮನಿರು' ಎನ್ನುವ ಯಜಮಾನನು ತನಗಿಲ್ಲದ ಪ್ರಮಾಣವನ್ನು ಮುಂದೊಡ್ಡಿ, ಆಕೆಗಿರುವ ಪ್ರಮಾಣವನ್ನು ತಳ್ಳಿಹಾಕುತ್ತಾನೆ. ಆಪ್ತವಾಕ್ಯವನ್ನು ಸ್ವೀಕರಿಸಿ ನಿದ್ರಾಪರೀಕ್ಷೆಗೆ ಹೋಗುವುದೇ ಇಲ್ಲಿ ನ್ಯಾಯ.

ದೇಹ ತನ್ನದು, ಹಾನಿಯೂ ತನ್ನದೇ ಎಂದು ಕೆಲವರು ವಾದಿಸುವರು. ಬೆಂಗಳೂರು–ಪುಣೆ ಹೆದ್ದಾರಿ ಹಿರಿಯೂರು, ಚಿತ್ರದುರ್ಗಗಳನ್ನು ಹಾದುಹೋಗುತ್ತದೆ. ರಾತ್ರಿ ನಿದ್ರೆ ಕೆಟ್ಟವನು ಹಗಲಿನಲ್ಲಿ ಆ ರಸ್ತೆಯಲ್ಲಿ ಕಾರು ನಡೆಸುತ್ತ ಎರಡು ಸೆಕೆಂಡು ಕಣ್ಣು ಮುಚ್ಚಿದರೆ, ಹಾನಿಯು ಎದುರಿನಿಂದ ಬರುವ ಅಪರಿಚಿತ ಕುಟುಂಬದ್ದೂ ಆಗುತ್ತದೆ. ಅಹಿಂಸೆಯು ಎಚ್ಚರವಿರುವ ಹೊತ್ತಿನ ಧರ್ಮ ಮಾತ್ರವಲ್ಲ; ಹಿಂದಿನ ರಾತ್ರಿ ಹೇಗೆ ಮಲಗಿದೆವೆಂಬುದೂ ಅದರೊಳಗೆ ಬರುತ್ತದೆ.

ಯಂತ್ರಕ್ಕೆ ಒಗ್ಗಿಕೊಳ್ಳುವುದು ಸುಲಭವೆಂದು ಹೇಳಲಾರೆ. ಮೊದಲ ವಾರಗಳಲ್ಲಿ ಉಸಿರು ಕಟ್ಟಿದಂತೆ ಭಾಸವಾಗುತ್ತದೆ, ಬಾಯಿ ಒಣಗುತ್ತದೆ, ಹೊಟ್ಟೆಯಲ್ಲಿ ಗಾಳಿ ತುಂಬುತ್ತದೆ, ಪಟ್ಟಿಯ ಗುರುತು ಕೆನ್ನೆಯ ಮೇಲೆ ಮೂಡುತ್ತದೆ, ಶಿಖೆಯಿರುವವರಿಗೆ ಪಟ್ಟಿ ಸರಿಯಾಗಿ ಕೂರುವುದಿಲ್ಲ. ಅನೇಕರು ನಡುರಾತ್ರಿ ಕಿತ್ತೆಸೆದು ಮಲಗುವರು. ಹಗಲಿನಲ್ಲಿ ಕುಳಿತು ಓದುವಾಗ ಅರ್ಧ ಗಂಟೆ ಧರಿಸಿ ಅಭ್ಯಾಸ ಮಾಡಿದರೆ ಭಯ ಇಳಿಯುತ್ತದೆ. ಮಾಸ್ಕಿನ ಅಳತೆ ಬದಲಿಸಿದರೆ, ಗಾಳಿಗೆ ತೇವ ಕೊಡುವ ಪಾತ್ರೆಗೆ ಡಿಸ್ಟಿಲ್ಡ್ ವಾಟರ್ ಹಾಕಿದರೆ, ಒತ್ತಡವು ಮೆಲ್ಲನೆ ಏರುವಂತೆ ಹೊಂದಿಸಿದರೆ ಬಹಳಷ್ಟು ತೊಂದರೆ ಕಳೆಯುತ್ತದೆ. ವಿದ್ಯುತ್ ಹೋಗುವ ಊರುಗಳಲ್ಲಿ ಇನ್ವರ್ಟರ್ ಬೇಕು. ಮಂತ್ರಾಲಯಕ್ಕೋ ಉಡುಪಿಗೋ ಹೋಗುವಾಗ ನಾಚದೆ ಜೊತೆಗೊಯ್ಯಬೇಕು. ಮಡಿಗೆ ಭಂಗವೆಂಬ ಶಂಕೆಗೆ ಎಡೆಯಿಲ್ಲ. ಹಾಸಿಗೆಯಿಂದೆದ್ದವರು ಹೇಗೂ ಸ್ನಾನ ಮಾಡಿಯೇ ಮಡಿಯುಡುವುದು. ಪ್ರಾಣಾಯಾಮ, ಮಿತಾಹಾರ, ತೂಕದ ಇಳಿಕೆ ಇವು ಹಿತಕರವೇ. ಆದರೆ ವೈದ್ಯರನ್ನು ಕೇಳದೆ ಅವುಗಳ ಭರವಸೆಯಿಂದ ಯಂತ್ರವನ್ನು ಬಿಡಬಾರದು. ಯಂತ್ರವು ವ್ಯಾಧಿಯನ್ನು ಕೀಳುವುದಿಲ್ಲ. ಧರಿಸಿದ ರಾತ್ರಿ ಮಾತ್ರ ಕಾಯುತ್ತದೆ. ನಿತ್ಯಕರ್ಮದಂತೆ ನಿತ್ಯವೂ ಬೇಕು.

ಬೆಲೆ ಹತ್ತಾರು ಸಾವಿರ ರೂಪಾಯಿ. ಎಲ್ಲ ಮನೆಗಳೂ ಭರಿಸಲಾರವು. ಉಪನಯನ, ವಿವಾಹಗಳ ಅಲಂಕಾರಕ್ಕೆ ಧಾರಾಳವಾಗಿ ವ್ಯಯಿಸುವ ಬಂಧುಗಳು, ದಾಯಾದಿಯೊಬ್ಬನ ಉಸಿರಿಗಾಗಿ ಅದರ ಒಂದು ಪಾಲನ್ನು ಕೂಡಿಸಿಕೊಟ್ಟರೆ ಅದೂ ದಾನವೇ.

ಕೈಕಾಲು ತೊಳೆದು, ದೇವರ ಸ್ಮರಣೆ ಮಾಡಿ, ಪಟ್ಟಿಯನ್ನು ಬಿಗಿದು ಮಲಗಲಿ. ಒಳಗಿನ ಜಪ ನಡೆಯಿಸುವವನು ನಡೆಯಿಸುವನು. ಎಷ್ಟೋ ವರ್ಷಗಳಿಂದ ಕತ್ತಲೆಯಲ್ಲಿ ಆ ಉಸಿರನ್ನು ಎಣಿಸುತ್ತ ಎಚ್ಚರವಿದ್ದ ಗೃಹಿಣಿಗೂ ಇನ್ನು ನಿದ್ರೆ ಬರಲಿ.

ಶ್ರೀಕೃಷ್ಣಾರ್ಪಣಮಸ್ತು.